ನಲವತ್ತೊಂದು ‘ಗೊತ್ತಿಲ್ಲ’ಗಳು

ಸೂಜಿಯಕ್ಕ ಹನ್ನೊಂದನೆಯ ವಯಸ್ಸಿಗೆ ಬೈಂಡಿಂಗ್ ಅಂಗಡಿಯ ಹೊಲಿಗೆ ಮೇಜಿನ ಮುಂದೆ ಕೂತವಳು. ಅಪ್ಪ ಇದ್ದಾಗ ಕೂತಳು, ಗಂಡ ಇದ್ದಾಗ ಕೂತಳು, ಇಬ್ಬರೂ ಹೋದ ಮೇಲೂ ಕೂತಳು. ಈಗ ಅರವತ್ತೆಂಟು. ಮೇಜಿನ ಬಲತುದಿಯಲ್ಲಿ ಅವಳ ಮೊಣಕೈ ಸವೆಸಿದ ಗುಳಿಯೊಂದಿದೆ. ಅದರಲ್ಲಿ ಅರ್ಧ ಲೋಟ ನೀರು ನಿಲ್ಲುತ್ತದೆ ಎಂದು ಅವಳ ತಮ್ಮ ಬಂದವರಿಗೆಲ್ಲ ಹೇಳುತ್ತಾನೆ. ಒಂದು ಸಲ ಸುರಿದೂ ತೋರಿಸಿದ್ದಾನೆ.

ಕನ್ನಡವನ್ನು ಅವಳು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತಾಳೆ. ಇಂಗ್ಲಿಷ್ ಬಾರದು. ಆದರೂ ಅವಳ ಕೈಯಲ್ಲಿ ಹಾದುಹೋದ ಸಾವಿರಾರು ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು ಹಾಳೆಯೂ ತಲೆಕೆಳಗಾಗಿ ಹೊಲಿದದ್ದಿಲ್ಲ.

ತಮ್ಮನ ಪಾಲಿಗೆ ಬಂದದ್ದು ಕಟಿಂಗ್ ಮಷಿನ್ನು. ಸೊಟ್ಟ ಅಂಚಿನ ಕಾಗದ ಅಂಗಡಿಯಿಂದ ಹೊರಗೆ ಹೋಗಕೂಡದು, ಅದೊಂದೇ ಅವನ ಹಠ. ಕಣ್ಣಿಗೆ ಬಿದ್ದ ಕಾಗದಕ್ಕೆಲ್ಲ ಮೂರು ಬದಿ ಕೊಡಲಿ ಪೆಟ್ಟು ಕೊಟ್ಟೇ ಬಿಡುತ್ತಾನೆ. ಗೋಡೆಯ ಮೇಲಿರುವ ಭಾವನ ಫೋಟೋದಲ್ಲಿ ಒಂದು ಕಿವಿ ಇಲ್ಲದಿರುವುದು ಅದೇ ಕಾರಣಕ್ಕೆ.

ಒಂದು ಬೆಳಿಗ್ಗೆ, ರಿಟೈರಾದ ಇಂಗ್ಲಿಷ್ ಮೇಷ್ಟ್ರು ಮೂರು ಬೂಟಿನ ಪೆಟ್ಟಿಗೆಗಳನ್ನು ಎದೆಗವಚಿಕೊಂಡು ಬಂದರು.

“ಅಮ್ಮಾ, ಇದು ನನ್ನ ಮೂವತ್ತು ವರ್ಷದ ಕೆಲಸ,” ಎಂದರು. “ಇಂಗ್ಲಿಷರ ಆಡುಮಾತು. ಒಂದು ಪೆಟ್ಟಿಗೇಲಿ ಮಾತು, ಒಂದರಲ್ಲಿ ಅದರ ಅರ್ಥ, ಇನ್ನೊಂದರಲ್ಲಿ ಅದು ಎಲ್ಲಿಂದ ಹುಟ್ಟಿತು ಅನ್ನೋದು. ಇನ್ನೂರ ಹನ್ನೆರಡು ಮಾತು. ಪ್ರತಿ ಚೀಟಿಯ ಮೂಲೇಲೂ ನಂಬರು ಇದೆ. ಒಂದೇ ನಂಬರಿನ ಮೂರು ಚೀಟಿನ ಒಂದು ಹಾಳೆಗೆ ಅಂಟಿಸಿ ಪುಸ್ತಕ ಮಾಡಿಕೊಡಿ.”

“ಅವಸರ ಉಂಟಾ ಮೇಷ್ಟ್ರೇ?”

“ಉಂಟು. ತಲೇಲಿ ಈಗೀಗ ಏನೂ ನಿಲ್ಲುತ್ತಿಲ್ಲ. ನಿನ್ನೆ ನನ್ನ ಮನೆ ಬಾಗಿಲನ್ನೇ ತಟ್ಟಿ, ಮೇಷ್ಟ್ರು ಇದಾರಾ ಅಂತ ಕೇಳಿದೆ. ನನ್ನ ಹೆಂಡತಿ ಇಲ್ಲ ಅಂದಳು. ಇನ್ನು ಇದೇ ನನ್ನ ತಲೆ.” ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು, ಒಂದೊಂದರ ಮುಚ್ಚಳವನ್ನೂ ಸವರಿ ಹೋದರು.

ಸೂಜಿಯಕ್ಕ ದಾರ ತರಲು ಹೋಗಿ ಬರುವಷ್ಟರಲ್ಲಿ ತಮ್ಮ ಕೆಲಸ ಮುಗಿಸಿದ್ದ. ಚೀಟಿಗಳು ಒಂದರ ಹಾಗೆ ಒಂದಿರಲಿಲ್ಲ. ಉದ್ದದ್ದನ್ನು ಉದ್ದಕ್ಕೆ, ಗಿಡ್ಡದ್ದನ್ನು ಗಿಡ್ಡಕ್ಕೆ ಸೇರಿಸಿ, ಮೂರು ಪೆಟ್ಟಿಗೆಯನ್ನೂ ಒಂದು ಮಾಡಿ, ಎಲ್ಲಕ್ಕೂ ಮಷಿನ್ನಿನಲ್ಲಿ ಅಂಚು ಹೊಡೆದಿದ್ದ.

“ನೋಡಕ್ಕ, ಹೆಂಗೆ! ಗಾಜಿನ ಹಾಗಿದೆ.”

ಸೂಜಿಯಕ್ಕ ಒಂದು ಚೀಟಿ ಎತ್ತಿ ನಾಲ್ಕು ಮೂಲೆಯನ್ನೂ ನೋಡಿದಳು. “ನಂಬರು ಎಲ್ಲೋ?”

ಆರುನೂರ ಮೂವತ್ತಾರು ನಂಬರುಗಳೂ ಚೂರಿನ ಮೂಟೆಯಲ್ಲಿದ್ದವು. ಮೂಟೆಯನ್ನು ರದ್ದಿ ಕಾಗದ ಅರೆದು ಮೊಟ್ಟೆ ಟ್ರೇ ಮಾಡುವವರು ಆಗಲೇ ಒಯ್ದಿದ್ದರು. ತಮ್ಮ ಚಪ್ಪಲಿ ಮರೆತು ಓಡಿದ. ಮಧ್ಯಾಹ್ನ ತಿರುಗಿ ಬಂದಾಗ ಕೈಯಲ್ಲಿ ಇನ್ನೂ ಒಣಗದ ಒಂದು ಮೊಟ್ಟೆ ಟ್ರೇ.

“ಇದರ ಮೂರನೇ ಗುಳೀಲಿ ಎಪ್ಪತ್ತೊಂದು ಕಾಣುತ್ತೆ ಅಕ್ಕ. ಬೆಳಕಿಗೆ ಹಿಡಿ.”

“ಅದನ್ನ ನಿನ್ನ ತಲೆ ಮೇಲೆ ಇಟ್ಟುಕೋ,” ಎಂದಳು ಸೂಜಿಯಕ್ಕ. ಮೇಷ್ಟ್ರ ತಲೆಗೇ ಇವನು ಅಂಚು ಹೊಡೆದು ಕೂತಿದ್ದಾನೆ, ಅವರಿಗೆ ಯಾವ ಮುಖ ತೋರಿಸಲಿ ಎಂಬುದೇ ಅವಳ ಚಿಂತೆ.

ಪಕ್ಕದ ಅಂಗಡಿಯ ಟೈಪಿಸ್ಟಿಗೆ ಇಂಗ್ಲಿಷ್ ಬರುತ್ತಿತ್ತು. ಕರೆದದ್ದೇ ತಡ, ತೋಳು ಮಡಿಸಿಕೊಂಡು ಬಂದ. “ನಂಬರು ಯಾಕೆ? ಓದಿದರೆ ಯಾವುದು ಯಾವುದಕ್ಕೆ ಅಂತ ತಾನೇ ಗೊತ್ತಾಗುತ್ತೆ. ಕೇಳಿ, ‘ಬಕೆಟ್ ಒದ್ದ’. ಅಂದರೆ ಸತ್ತ.”

“ಬಕೆಟ್ ಒದ್ದರೆ ಕಾಲು ನೋಯುತ್ತೆ, ಸಾಯೋದು ಯಾಕೆ?” ಎಂದ ತಮ್ಮ.

“ಅದಕ್ಕೇ ಹುಟ್ಟು ಹುಡುಕಬೇಕು. ಇಗೋ, ‘ಹಿಂದೆ ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗೆ ಬಾಯಲ್ಲಿ ಗುಂಡು ಕಚ್ಚಿಸಿ ಕಾಲು ಕೊಯ್ಯುತ್ತಿದ್ದರಂತೆ.’ ಸಿಪಾಯಿ ನೋವಿಗೆ ಪಕ್ಕದ ಬಕೆಟ್ ಒದ್ದ, ಸತ್ತ. ಅಂಟಿಸಿ!”

“ಇರು. ಈ ಚೀಟೀಲಿ ಏನಿದೆ?” ಸೂಜಿಯಕ್ಕ ಇನ್ನೊಂದನ್ನು ಚಾಚಿದಳು.

“‘ಗೋಣಿಯಿಂದ ಬೆಕ್ಕು ಹೊರಗೆ ಬಿಟ್ಟ’. ಗುಟ್ಟು ರಟ್ಟಾಯಿತು ಅಂತ. ಇದಕ್ಕೂ ಆ ಸಿಪಾಯೀನೇ ಹೊಂದುತ್ತಾನೆ. ನೋವಿಗೆ ಗುಟ್ಟು ಬಾಯಿಬಿಟ್ಟ.”

ಸಂಜೆಯೊಳಗೆ ಆ ಸಿಪಾಯಿ ಹದಿನೇಳು ಮಾತುಗಳಿಗೆ ಹೊಂದಿದ. ತಮ್ಮ ತಲೆ ಹಿಡಿದುಕೊಂಡ. “ಈ ಜನಕ್ಕೆ ತಲೆ ಕೆಟ್ಟಿತ್ತಾ ಅಕ್ಕ? ಬಕೆಟ್ಟಂತೆ, ಬೆಕ್ಕಂತೆ!”

“ನಾವು ‘ಟೋಪಿ ಹಾಕಿದ’ ಅಂತೀವಲ್ಲ, ನೀನು ಯಾರ ತಲೆ ಮೇಲೆ ಟೋಪಿ ಕಂಡಿದೀಯ? ‘ಕೈ ಕೊಟ್ಟ’ ಅಂತೀವಿ, ಯಾವನ ತೋಳು ಗಿಡ್ಡ ಆಗಿದೆ? ಸುಮ್ಮನೆ ಕೂತ್ಕೋ.” ಹಾಗೆಂದು ಸೂಜಿಯಕ್ಕ ಒಂದು ಚೀಟಿಯನ್ನು ಮಗುಚಿ ಹಾಕಿದಳು. ಇನ್ನೊಂದನ್ನು ಮಗುಚಿದಳು.

ಮೇಷ್ಟ್ರು ಹೊಸ ಕಾಗದ ಹಾಳುಮಾಡುವವರಲ್ಲ. ಒಂದೊಂದು ಮಾತಿಗೂ ಹುಡುಗರ ಹಳೆಯ ಉತ್ತರಪತ್ರಿಕೆಯ ಒಂದು ಹಾಳೆಯನ್ನು ಮೂರು ತುಂಡು ಮಾಡಿ, ಒಂದರ ಬೆನ್ನಿಗೆ ಮಾತು, ಒಂದರ ಬೆನ್ನಿಗೆ ಅರ್ಥ, ಒಂದರ ಬೆನ್ನಿಗೆ ಹುಟ್ಟು ಬರೆದಿದ್ದರು.

“ಹಾಗಾದರೆ ಹಿಂದುಗಡೆ ನಾನು ಓದಿಬಿಡ್ತೀನಿ!” ಟೈಪಿಸ್ಟು ಹಿಗ್ಗಿದ. ನಾಲ್ಕು ಚೀಟಿ ಓದುವಷ್ಟರಲ್ಲಿ ಹಿಗ್ಗು ಇಳಿಯಿತು. ಎಲ್ಲ ಹುಡುಗರೂ ಒಂದೇ ಗೈಡಿನಿಂದ ಉರುಹೊಡೆದ ‘ನನ್ನ ರೈಲು ಪ್ರಯಾಣ’ವನ್ನೇ ಬರೆದಿದ್ದರು. ಇನ್ನೂರು ಚಿಲ್ಲರೆ ಹುಡುಗರು, ಒಂದೇ ರೈಲು, ಒಂದೇ ಕಿಟಕಿ, ಅದರಾಚೆ ಅದೇ ಹಸಿರು ಹೊಲ.

“ಓದಬೇಡಪ್ಪ, ಓದಿದರೆ ದಾರಿ ತಪ್ಪುತ್ತೆ,” ಎಂದಳು ಸೂಜಿಯಕ್ಕ. “ಅಕ್ಷರ ನೋಡು.”

ಅವಳು ನೋಡಿದಳು. ಒಬ್ಬನ ಅಕ್ಷರ ಹಿಂದಕ್ಕೆ ವಾಲುತ್ತಿತ್ತು. ಒಬ್ಬನ ಶಾಯಿ ನೇರಳೆ. ಒಬ್ಬ ಎಷ್ಟು ಒತ್ತಿ ಬರೆದಿದ್ದನೆಂದರೆ ಬೆರಳಿಗೆ ತಡೆಯುತ್ತಿತ್ತು. ಒಬ್ಬನಿಗೆ ಅಂಗೈ ಬೆವರು. ಅಂಗಡಿಯ ನೆಲಕ್ಕೆಲ್ಲ ಚೀಟಿ ಹರಡಿ, ಮಂಡಿಯೂರಿ, ಎಂಟು ದಿನ ಅವಳು ಹುಡುಗರನ್ನು ಹುಡುಕಿದಳು. ಗಿರಾಕಿಗಳು ಬಾಗಿಲಲ್ಲೇ ನಿಂತು ಮಾತಾಡಿ ಹೋದರು. ಸಿಕ್ಕ ಮೂರನ್ನು ಟೈಪಿಸ್ಟು ಓದುವನು: ‘ಗೋಣಿಯಿಂದ ಬೆಕ್ಕು’, ‘ಗುಟ್ಟು ರಟ್ಟಾಯಿತು’, ‘ಸಂತೆಯಲ್ಲಿ ಹಂದಿಮರಿ ಎಂದು ಗೋಣಿಯಲ್ಲಿ ಬೆಕ್ಕು ಕಟ್ಟಿ ಮಾರುತ್ತಿದ್ದರೆಂದು ಕೆಲವರು ಹೇಳುತ್ತಾರೆ’. ಸರಿಯಾಗಿದೆ ಎಂದು ಒಪ್ಪಿಕೊಳ್ಳಲು ಅವನಿಗೆ ಪ್ರತಿ ಸಲವೂ ಬೇಜಾರು.

ಆರನೆಯ ದಿನ ಅವನು ಒಂದು ಕಟ್ಟನ್ನು ಆಚೆಗೆ ತಳ್ಳಿದ. “ಇವನ್ನ ಬಿಡಿ ಅಕ್ಕ. ನಲವತ್ತೊಂದಿವೆ. ಎಲ್ಲದರಲ್ಲೂ ಒಂದೇ ಸಾಲು, ‘ಇದರ ಹುಟ್ಟು ಯಾರಿಗೂ ಗೊತ್ತಿಲ್ಲ’. ಯಾವುದನ್ನ ಎಲ್ಲಿ ಅಂಟಿಸಿದರೂ ನಡೆಯುತ್ತೆ.”

“ನಡೆಯಲ್ಲ.”

“ಅಕ್ಕಾ,” ತಮ್ಮ ಕೈಮುಗಿದ, “ಈ ಗೊತ್ತಿಲ್ಲಕ್ಕೂ ಆ ಗೊತ್ತಿಲ್ಲಕ್ಕೂ ಏನೇ ವ್ಯತ್ಯಾಸ?”

“ಮೇಷ್ಟ್ರು ನಲವತ್ತೊಂದು ಸಲ ಬೇರೆ ಬೇರೆ ಹುಡುಕಿ, ನಲವತ್ತೊಂದು ಸಲ ಸಿಗದೆ ಬರೆದದ್ದು. ಒಬ್ಬರ ಮಗು ಇನ್ನೊಬ್ಬರ ಮನೇಲಿ ಮಲಗಿಸ್ತೀಯಾ, ಎರಡೂ ಅಳುತ್ತವೆ ಅಂತ?”

ಟೈಪಿಸ್ಟು ಆ ಕಟ್ಟನ್ನು ಮತ್ತೆ ಈಚೆಗೆ ಎಳೆದ. ಮೂವತ್ತೊಂಬತ್ತು ಗೊತ್ತಿಲ್ಲಗಳು ತಮ್ಮ ತಮ್ಮ ಮನೆ ಸೇರಿದವು. ಎರಡು ಉಳಿದವು. ಒಬ್ಬ ಹುಡುಗ ಎರಡು ಹಾಳೆ ಬರೆದಿದ್ದ. ಅದೇ ಕೈ, ಅದೇ ಶಾಯಿ. ಮಾತುಗಳು ಎರಡು: ‘ಬೆಕ್ಕು ನಾಯಿಗಳ ಮಳೆ’, ಅಂದರೆ ಧೋ ಎಂದು ಸುರಿಯುವುದು, ‘ಪೂರಾ ಒಂಬತ್ತು ಗಜ’, ಅಂದರೆ ಒಂದೂ ಬಿಡದೆ ಎಲ್ಲವೂ. ಸೂಜಿಯಕ್ಕ ಮಿಕ್ಕದ್ದನ್ನೆಲ್ಲ ಅಂಟಿಸಿ ಹೊಲಿದು, ಹಾಳೆಗಳ ಕೊನೆಯ ಮಡಿಕೆಗೆ ಗಂಟು ಹಾಕದೆ, ಸೂಜಿಯನ್ನು ದಾರದಲ್ಲೇ ಬಿಟ್ಟಳು.

ಮೇಷ್ಟ್ರು ಬಂದರು. ತಮ್ಮ ಕಟಿಂಗ್ ಮಷಿನ್ನಿನ ಹಿಂದೆ ಕುಕ್ಕರಿಸಿದ.

“ನಂಬರು ಕತ್ತರಿಸಿಬಿಟ್ಟೆವು ಮೇಷ್ಟ್ರೇ,” ಎಂದಳು ಸೂಜಿಯಕ್ಕ, ಅವರು ಕೂರುವ ಮೊದಲೇ. “ಹುಡುಗರ ಅಕ್ಷರ ನೋಡಿ ಜೋಡಿಸಿದೀನಿ. ತಪ್ಪಿದ್ದರೆ ನೀವೇ ಹೇಳಬೇಕು.”

ಮೇಷ್ಟ್ರ ಮುಖದ ಬಣ್ಣ ಇಳಿಯಿತು. ಒಂದು ಹಾಳೆ ತೆರೆದು ತುಟಿ ಆಡಿಸಿ ಓದಿದರು. ಇನ್ನೊಂದು. ಇಪ್ಪತ್ತನೆಯದಕ್ಕೆ ಬರುವಾಗ ಕುರ್ಚಿಗೆ ಒರಗಿದ್ದರು. ನಲವತ್ತನೆಯದಕ್ಕೆ ಕಾಲು ಕುಣಿಸುತ್ತಿದ್ದರು. “ಇದೆ! ಇಲ್ಲೇ ಇದೆ ನೋಡಿ! ನಾನು ಮರೆತಿದ್ದೆ, ಇದು ಮರೆತಿಲ್ಲ!”

ಸೂಜಿಯಕ್ಕ ಎರಡು ಚೀಟಿಗಳನ್ನು ಮುಂದಿಟ್ಟಳು. ಮೇಷ್ಟ್ರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

“ಇದು ಮಳೆಯದ್ದು. ಇದಕ್ಕೆ ಎರಡು ವರ್ಷ ಲೈಬ್ರರಿ ಧೂಳು ಕುಡಿದೆ. ಸಿಗಲಿಲ್ಲ. ಸಿಟ್ಟಿಗೆ ಎಷ್ಟು ಒತ್ತಿ ಬರೆದಿದೀನಿ ನೋಡಿ.” ಇನ್ನೊಂದನ್ನು ಎತ್ತುವಾಗ ದನಿ ತಗ್ಗಿತು. “ಇದು ಒಂಬತ್ತು ಗಜದ್ದು. ಇದನ್ನ ನಾನು ಹುಡುಕಲೇ ಇಲ್ಲ. ಅವತ್ತು ಜ್ವರ ಇತ್ತು, ಬೇಜಾರಿಗೆ ಹಾಗೇ ಬರೆದುಬಿಟ್ಟೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.”

ತಮ್ಮ ಮಷಿನ್ನಿನ ಹಿಂದಿನಿಂದ ತಲೆ ಎತ್ತಿ ನೋಡಿದ.

“ನೀವು ಎಂಟು ದಿನ ಮಂಡಿಯೂರಿ ಒಂದೊಂದು ಗೊತ್ತಿಲ್ಲಾನೂ ಮನೆಗೆ ಮುಟ್ಟಿಸಿದೀರಿ. ನಾನು ಸುಳ್ಳು ಗೊತ್ತಿಲ್ಲ ಕೊಟ್ಟು ಹೊಲಿಸಿಕೊಳ್ಳಲಾ? ಗಂಟು ಹಾಕಬೇಡಿ.” ಮೇಷ್ಟ್ರು ಎದ್ದು, ಒಂಬತ್ತು ಗಜದ ಮಾತನ್ನು ಅಂಗೈಯ ಮೇಲೆ ಬರೆಸಿಕೊಂಡು, ವಾಪಸು ಮನೆಗೆ ಹೋಗುವ ದಾರಿಯನ್ನೂ ಪಕ್ಕದ ಅಂಗಡಿಯ ಟೈಪಿಸ್ಟನ ಹತ್ತಿರ ಕೇಳಿಟ್ಟುಕೊಂಡು, ಲೈಬ್ರರಿಗೆ ನಡೆದರು.

ಮಳೆಯ ಚೀಟಿಯನ್ನು ಸೂಜಿಯಕ್ಕ ಅಂದೇ ಅಂಟಿಸಿದಳು. ಹತ್ತೊಂಬತ್ತು ದಿನ ಸೂಜಿ ದಾರದಲ್ಲೇ ತೂಗಾಡಿತು. ಆ ದಾರಕ್ಕೆ ಕೈ ಹಾಕಿದವನ ಕೈ ಮುರಿಯುತ್ತೇನೆಂದು ಅಕ್ಕ ಹೇಳಿದ್ದರಿಂದ, ತಮ್ಮ ಆ ಕಡೆಯ ಧೂಳನ್ನೂ ಊದಿ ತೆಗೆಯುತ್ತಿದ್ದ.

ಇಪ್ಪತ್ತನೆಯ ದಿನ ಮೇಷ್ಟ್ರು ಬಂದರು. ಕೋಟಿನ ತುಂಬ ಧೂಳು, ಮುಖದ ತುಂಬ ನಗು.

“ಸಿಕ್ಕಿತಾ ಮೇಷ್ಟ್ರೇ?”

“ಬಟ್ಟೆಯ ಅಳತೆ ಅಂತ ಒಬ್ಬ ಬರೀತಾನೆ, ಹಡಗಿನ ಹಾಯಿ ಅಂತ ಒಬ್ಬ, ಬಂದೂಕಿನ ಗುಂಡಿನ ಸರ ಅಂತ ಇನ್ನೊಬ್ಬ. ಒಬ್ಬನಿಗೂ ಆಧಾರ ಇಲ್ಲ. ಅಮ್ಮಾ, ಈಗ ನಿಜವಾಗಿಯೂ ಯಾರಿಗೂ ಗೊತ್ತಿಲ್ಲ!”

ಸೂಜಿಯಕ್ಕ ಆ ಚೀಟಿಯ ಬೆನ್ನಿಗೆ ಅಂಟು ಸವರಿ, ಒಂಬತ್ತು ಗಜದ ಕೆಳಗೆ ನೇರವಾಗಿ ಒತ್ತಿ, ಕೊನೆಯ ಮಡಿಕೆಯ ದಾರ ಎಳೆದು ಗಂಟು ಹಾಕಿದಳು.