ಧೂಮಕೇತುವಿನ ಮಣ್ಣಿಗೆ

ಹೋದ ತಿಂಗಳು ಪಕ್ಕದ ಮನೆಯ ಗೌರಕ್ಕ ತಲೆತುಂಬ ಸೆರಗು ಹೊದ್ದು, ರೊಟ್ಟಿಯ ಬುತ್ತಿ ಹಿಡಿದು ಬಂದರು. ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟರು. ಚಹಾ ಬೇಡವೆಂದರು. ರಾಮದುರ್ಗದಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಸಾವಾದ ಮನೆಗೆ ಮಾತಾಡಿಸಲು ಬಂದಿದ್ದಾರೆ.

ಸತ್ತದ್ದು ಯಾರು? ಒಂದು ಧೂಮಕೇತು!

ಸುದ್ದಿ ಕೊಟ್ಟವಳು ನಾನೇ. ನಳದ ನೀರು ಹಿಡಿಯುವಾಗ, ‘ನಮ್ಮ ಶ್ರುತಿಯ ಧೂಮಕೇತು ಒಡೆದು ಹೋತಂತ್ರಿ, ಹುಡುಗಿ ಊಟಾನ ಬಿಟ್ಟಾಳ’ ಅಂದಿದ್ದೆ. ಶ್ರುತಿ ನನ್ನ ಅಕ್ಕನ ಮಗಳು. ರಜೆಗೆ ಬಂದಿದ್ದಳು. ಧೂಮಕೇತುವಿನ ಸುತ್ತಲಿನ ಗ್ಯಾಸುಗಳೇ ಅವಳ ರಿಸರ್ಚು. (ನನಗೆ ಗ್ಯಾಸೆಂದರೆ ಸಿಲಿಂಡರು, ಇಲ್ಲವೇ ಹೊಟ್ಟೆ.)

“ಊಟಾ ಬಿಟ್ರ ಹೋದದ್ದು ಬರ್ತೈತೇನವಾ?” ಗೌರಕ್ಕ ಅವಳ ಬೆನ್ನು ಸವರಿದರು. “ಎಷ್ಟು ವರ್ಷದ್ದಿತ್ತು ಅದು?”

“ಕೋಟಿಗಟ್ಟಲೆ ವರ್ಷದ್ರಿ.”

“ಅಯ್ಯ, ತುಂಬಿದ ವಯಸ್ಸು ಬಿಡು!”

ಶ್ರುತಿ ನಕ್ಕಳು. ಆಮೇಲೆ ಬಿಡಿಸಿ ಹೇಳಿದಳು. ದೂರದಲ್ಲಿದ್ದಾಗ ಧೂಮಕೇತು ಬರೀ ಹಿಮದ ಗಡ್ಡೆ. ಸೂರ್ಯನ ಹತ್ತಿರ ಬಂದಾಗ ಬಿಸಿಗೆ ಅದರಿಂದ ಗ್ಯಾಸು ಏಳುತ್ತದೆ. ಪ್ರತಿ ಗ್ಯಾಸೂ ಬೆಳಕಿನಲ್ಲಿ ತನ್ನದೇ ಗುರುತು ಬಿಡುತ್ತದೆ. ಕೆಲವು ಗುರುತುಗಳು ಕಾಣುವುದು ಅತಿನೇರಳೆ ಬೆಳಕಿನಲ್ಲಿ. ಆ ಬೆಳಕನ್ನು ನಮ್ಮ ಗಾಳಿ ಕೆಳಗೆ ಬಿಡುವುದಿಲ್ಲವಂತೆ. ಹಾಗಾಗಿ ಆಕಾಶದಲ್ಲಿ ತೇಲುವ ದುರ್ಬೀನೇ ಬೇಕು. ಅದರಲ್ಲಿ ಅವಳ ತಂಡಕ್ಕೆ ಮುಂದಿನ ವಾರ ಟೈಮ್ ಸಿಕ್ಕಿತ್ತು. ಈಗ ಸಂಗಡಿಗರೆಲ್ಲ, ಆ ಟೈಮನ್ನು ಬೇರೆಯವರಿಗೆ ಬಿಟ್ಟುಕೊಡೋಣ ಎನ್ನುತ್ತಿದ್ದರು. ಸಂಜೆಯೊಳಗೆ ಅವಳು ಮೇಲ್ ಮಾಡಬೇಕು.

“ಅಂದ್ರ, ನೋಡೂದ ಇಲ್ಲೇನು?”

“ಪುಡಿಪುಡಿ ಆಗೇತಿ ಗೌರಕ್ಕಾರ. ಏನ್ ನೋಡೂದ್ರಿ?”

“ಇದ್ದಾಗಂತೂ ನೋಡಲಿಲ್ಲ. ಸತ್ತ ಮ್ಯಾಲ ಮಣ್ಣಿಗರ ಹೋಗಬೇಕೋ ಬ್ಯಾಡೋ? ಇಷ್ಟು ದಿನ ಅದರದ ಜಪಾ ಮಾಡೀದಿ!”

ಶ್ರುತಿ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಂಡು ತಿನ್ನತೊಡಗಿದಳು. ಅರ್ಧ ರೊಟ್ಟಿ ಮುಗಿದಿರಬೇಕು, ನನ್ನ ಕಡೆ ತಿರುಗಿದಳು.

“ಮೌಶಿ, ಒಳಗಿನ ಹಿಮ ಈಗ ಫಸ್ಟ್ ಟೈಮ್ ಬಿಸಲಿಗೆ ಬಿದ್ದಿರತೈತಿ. ಗ್ಯಾಸು ಇನ್ನೊಂದಿಷ್ಟು ದಿನ ಉಳೀಬಹುದು. ಸಿಗದನೂ ಇರಬಹುದು.”

ಕೈ ತೊಳೆದು ಮೇಲ್ ಮಾಡಿದಳು. ಟೈಮ್ ಬಿಟ್ಟುಕೊಡುವುದಿಲ್ಲ ಎಂದು.

ಗೌರಕ್ಕ ಖಾಲಿ ಬುತ್ತಿ ಎತ್ತಿಕೊಂಡು, “ಬರ್ತೇನ್ರಿ ಅಕ್ಕಾರ” ಎಂದರು. ಸಾವಿನ ಮನೆಯಿಂದ ಹೋಗುವಾಗ ಯಾರೂ ‘ಬರ್ತೇನಿ’ ಅನ್ನುವುದಿಲ್ಲ. ನನಗೆ ಹಗುರೆನಿಸಿತು.

ಮೊನ್ನೆ ರವಿವಾರ ಶ್ರುತಿಯ ಫೋನು. ಗುರುತು ಮಂದವಾಗಿತ್ತಂತೆ, ಆದರೆ ಸಿಕ್ಕಿತ್ತು. ಬಿಸಿಲಿಗೆ ಒಡೆದ ನೀರಿನ ಅಣುಗಳ ಚೂರಿನ ಗುರುತು.

“ನೀರಿತ್ತು ಮೌಶಿ! ಒಳಗ ಇನ್ನೂ ನೀರಿತ್ತು!”

ಗೋಡೆಯಾಚೆಯ ಗೌರಕ್ಕನಿಗೆ ಕೂಗಿ ಹೇಳಿದೆ. “ಪಾಪ, ಇದ್ದಾಗ ಯಾರಿಗೂ ಗೊತ್ತಾಗಲಿಲ್ಲ ನೋಡ್ರಿ” ಎಂದರು. ಒಗೆದ ಸೀರೆ ಜಾಡಿಸುತ್ತ ಅವರು ಒಳಗೆ ಹೋದರು. ನಾನು ಅಲ್ಲೇ ನಿಂತೆ.

ನಮ್ಮ ಅತ್ತೆಯವರು ಮನೆಯಲ್ಲಿ ಮಾತೇ ಕಡಿಮೆ ಆಡುತ್ತಿದ್ದರು. ಮದುವೆಗೆ ಮುಂಚೆ ಅವರು ಇಡೀ ಓಣಿ ಕೂತು ಕೇಳುವಂತೆ ಹಾಡುತ್ತಿದ್ದರೆಂದು ನನಗೆ ತಿಳಿದದ್ದು, ಅವರು ತೀರಿಕೊಂಡಾಗ ಮಣ್ಣಿಗೆ ಬಂದವರ ಬಾಯಿಂದ.

ನಿಮ್ಮ ಮನೆಯಲ್ಲಿ ಈಗ ಸುಮ್ಮನೆ ಕೂತಿರುವವರ ಒಳಗೆ ಏನಿದೆ, ಕೇಳಿದ್ದೀರಾ?