ಅಣ್ಣ ಗಾಲ್ಫ್ ಮೈದಾನಕ್ಕೆ ಬಂದಿದ್ದು

ಅಣ್ಣನಿಗೆ ಮೂತ್ರದ ತೊಂದರೆ ಇದೆ ಎಂದು ಮೊದಲು ಗೊತ್ತಾದದ್ದು ನನಗೆ. ಅವನ ಹೆಂಡತಿಗಿಂತ ಮೊದಲು, ಯಾವ ಡಾಕ್ಟರಿಗಿಂತಲೂ ಮೊದಲು.

ತುರುವೇಕೆರೆಯಲ್ಲಿ ನನ್ನದೊಂದು ಔಷಧಿ ಅಂಗಡಿ. ಸಂಪಿಗೆಯ ಕಡೆ ಇರುವ ನಮ್ಮ ತೆಂಗಿನ ತೋಟವನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಪೇಟೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಗಿರಾಕಿಗಳೆಲ್ಲ ಹೋದ ಮೇಲೆ ಎದ್ದು ಬಂದು ದನಿ ತಗ್ಗಿಸಿ, "ಆ ಉರಿಮೂತ್ರದ ಮಾತ್ರೆ ಇನ್ನೆರಡು ಶೀಟ್ ಕೊಡು ಕಣ್ಲಾ" ಎನ್ನುತ್ತಿದ್ದ.

"ಒಂದ್ಸಲ ಡಾಕ್ಟ್ರಿಗೆ ತೋರ್ಸಣ್ಣ" ಎಂದು ಮೊದಮೊದಲು ಹೇಳಿದೆ.

"ಅವ್ರ ಮುಂದೆ ಪಂಚೆ ಬಿಚ್ಚಿ ನಿಂತ್ಕಳಾ? ವಯಸ್ಸಾದ್ಮೇಲೆ ಎಲ್ರಿಗೂ ಇರೋದೇ ಬುಡು. ನಿಮ್ಮತ್ಗೆ ಕಿವಿಗೆ ಹಾಕ್ಬ್ಯಾಡ."

ಕೊಟ್ಟೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಕೊಡುತ್ತಲೇ ಬಂದೆ. ಕೊನೆಕೊನೆಗೆ ಅವನು ಕೇಳುವ ಮೊದಲೇ ಕಾಗದದಲ್ಲಿ ಸುತ್ತಿ ಇಟ್ಟಿರುತ್ತಿದ್ದೆ. ಔಷಧಿಯ ಓದು ಓದಿದವನು ನಾನು. ಆ ಮಾತ್ರೆ ಉರಿಯನ್ನು ತಣಿಸುತ್ತದೆ, ಒಳಗಿರುವುದನ್ನು ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಕೊಬ್ಬರಿಗೆ ಹಾಕಿದ ಕಾಯಿ ನೋಡಲು ಅಟ್ಟ ಹತ್ತಿದ ಅಣ್ಣ ಕೆಳಗಿಳಿಯಲಾಗದೆ ಅಲ್ಲೇ ಕೂತುಬಿಟ್ಟ. ಬೆನ್ನು ಹಿಡಿದುಕೊಂಡಿತ್ತು. ಇಬ್ಬರು ಆಳುಗಳು ಹೊತ್ತು ಇಳಿಸಿದರು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಆಗಲೇ ಮೂಳೆಗೆ ಹರಡಿತ್ತು.

"ಎಷ್ಟು ದಿನದಿಂದ ತೊಂದರೆ ಇತ್ತು?" ಎಂದು ಡಾಕ್ಟರು ಕೇಳಿದರು. ಅಣ್ಣ ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಅವರ ಕಡೆ ತಿರುಗಿ, "ಈಗ್ಗೆ ಒಂದು ತಿಂಗ್ಳಾಯ್ತು ಕಣ್ರೀ ಸಾರ್" ಎಂದ. ನಾನು ಅದನ್ನು ತಿದ್ದಲಿಲ್ಲ.

ಆ ಡಾಕ್ಟರಿಗೆ ಗಾಲ್ಫ್ ಹುಚ್ಚು. ವರ್ಷಕ್ಕೊಮ್ಮೆ ಅವರೂ ಗೆಳೆಯರೂ ಸೇರಿ ಒಂದು ಪಂದ್ಯ ನಡೆಸುತ್ತಿದ್ದರು. ಅದರಲ್ಲಿ ಬಂದ ದುಡ್ಡಿನಿಂದ ಒಂದು ವ್ಯಾನು ಹಳ್ಳಿಗಳಿಗೆ ಹೋಗಿ ಗಂಡಸರಿಗೆ ಈ ಕ್ಯಾನ್ಸರಿನ ರಕ್ತ ಪರೀಕ್ಷೆ ಮಾಡಿ ಬರುತ್ತಿತ್ತು. "ಹೆಂಗಸರಾದರೂ ನೋವು ಅಂತ ಬಾಯಿ ಬಿಡ್ತಾರೆ, ಗಂಡಸರು ಬಿಡಲ್ಲ" ಎಂದು ಡಾಕ್ಟರು ನನಗೆ ಹೇಳಿದರು. "ನೀವು ಬಂದು ನಾಲ್ಕು ಮಾತಾಡಿ. ದುಡ್ಡು ಕೊಡೋರು ಕೇಳಲಿ. ಈ ಸಲ ವ್ಯಾನು ನಿಮ್ಮ ಕಡೆಗೇ ಕಳಿಸೋಣ."

ಅಣ್ಣ ತಾನೂ ಬರುತ್ತೇನೆಂದು ಹಟ ಹಿಡಿದ. ಮೈದಾನದಲ್ಲಿ ಅವನನ್ನು ಬ್ಯಾಟರಿ ಗಾಡಿಯೊಂದರಲ್ಲಿ ಕೂರಿಸಿದರು. ಗುಡ್ಡದಂತೆ ಏರಿಳಿಯುವ ಹುಲ್ಲನ್ನು ನೋಡಿ, "ಇಷ್ಟೊಂದು ನೀರು ಬರೀ ಹುಲ್ಲಿಗೇನ್ಲಾ?" ಎಂದ. ಯಾರೋ ಅವನ ಕೈಗೊಂದು ಚೆಂಡು ಕೊಟ್ಟರು. ಅಣ್ಣ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿದೆಯೇ ಎಂದು ನೋಡುವವರು ಹಾಗೇ ಅಲ್ಲಾಡಿಸುತ್ತಾರೆ. ನಕ್ಕ. ಅವನ ವಾರಗೆಯ ಆಟಗಾರರೊಬ್ಬರು ಕೋಲು ಕೊಟ್ಟು, "ಒಂದು ಏಟು ಹೊಡೀರಿ ಯಜಮಾನ್ರೇ" ಎಂದರು. ಅಣ್ಣ ಗಾಡಿಯ ಕಂಬಿ ಹಿಡಿದು ಏಳಲು ನೋಡಿದ, ಆಗಲಿಲ್ಲ. ಇನ್ನೊಮ್ಮೆ ನೋಡಿದ. ಅವರು ಮೆಲ್ಲಗೆ ಕೋಲು ವಾಪಸ್ ತೆಗೆದುಕೊಂಡರು.

ಊಟಕ್ಕೆ ಮುಂಚೆ ನಾನು ಮೈಕು ಹಿಡಿದು ಮಾತಾಡಿದೆ. ಅಣ್ಣ ನಾಚಿಕೆಯಿಂದ ಯಾರಿಗೂ ಹೇಳದೆ ನೋವು ನುಂಗಿಕೊಂಡ ಎಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬರು ಕಣ್ಣೊರೆಸಿಕೊಂಡರು.

ವಾಪಸ್ ಬರುವಾಗ ಕಾರಿನಲ್ಲಿ ಅಣ್ಣ, "ಚೆನ್ನಾಗಿ ಮಾತಾಡ್ದೆ ಕಣ್ಲಾ" ಎಂದ.

"ಮಾತ್ರೆ ವಿಷ್ಯ ಹೇಳ್ಲಿಲ್ಲ ಅಣ್ಣ."

"ಹೇಳಿ ಏನ್ ಬಂತು? ಕೇಳ್ದೋನು ನಾನು. ಬುಡು ಅತ್ಲಾಗೆ." ಹಾಗೆಂದು ಕಣ್ಣು ಮುಚ್ಚಿಕೊಂಡ.

ಮುಂದಿನ ತಿಂಗಳು ವ್ಯಾನು ಕಿಬ್ಬನಹಳ್ಳಿಗೆ ಬಂತು. ಬಸ್ಸು ನಿಲ್ಲುವ ಜಾಗ, ಜನ ಸೇರುತ್ತಾರೆ ಎಂದು ನಾನೇ ಹೇಳಿದ್ದೆ. ಆಟೋದಲ್ಲಿ ಪ್ರಚಾರವನ್ನೂ ಮಾಡಿಸಿದ್ದೆ. ಗಂಡಸರು ಬಂದರು, ಆದರೆ ಟೀ ಅಂಗಡಿಯ ಹತ್ತಿರವೇ ನಿಂತರು. ಅಣ್ಣನನ್ನು ಕಾರಿನಿಂದ ಇಳಿಸಿ ವ್ಯಾನಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಮೈಕು ಬೇಡ ಎಂದ.

"ನಂಗೆ ಉಚ್ಚೆ ಕಟ್ಕಂತಿತ್ತು ಕಣ್ರಪ್ಪ," ಎಂದು ಶುರು ಮಾಡಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ನಗಿ, ಪರವಾಗಿಲ್ಲ. ನಾನೂ ನಾಚ್ಕಂಡೇ ಹಿಂಗಾದೆ. ಒಂದು ಚೂರು ರಕ್ತ ಕೊಟ್ಟು ಹೋಗಿ, ಅಷ್ಟೇಯ."

ನಗು ನಿಂತಿತು. ಎಲ್ಲರೂ ಅವನ ಕಾಲುಗಳನ್ನು ನೋಡುತ್ತಿದ್ದರು. ಪಂಚೆಯ ಕೆಳಗೆ ಬರೀ ಮೂಳೆ ಕಾಣುತ್ತಿತ್ತು. ಅಣ್ಣನ ಜೊತೆ ಶಾಲೆಗೆ ಹೋಗಿದ್ದವನೊಬ್ಬ, "ನಮ್ಗೇನಾಗಿಲ್ಲ ಬುಡ್ಲಾ, ಗುಂಡ್ಕಲ್ಲಿದ್ದಂಗಿದೀವಿ" ಎಂದು ಹೇಳಿ ಬಸ್ಸು ಹತ್ತಿದ. ಉಳಿದವರೂ ಒಬ್ಬೊಬ್ಬರಾಗಿ ಕರಗಿದರು. ಕೆಲವರು ಬಿಪಿ ನೋಡಿಸಿಕೊಂಡು, ಸೂಜಿ ತೆಗೆದಾಗ ಎದ್ದು ಹೋದರು. ಮಧ್ಯಾಹ್ನದ ಹೊತ್ತಿಗೆ ವ್ಯಾನಿನ ನರ್ಸು ಮೊಬೈಲು ನೋಡುತ್ತಾ ಕೂತಿದ್ದಳು.

"ನನ್ನ ನೋಡಿ ಹೆದ್ರುಕಂಡ್ರು ಕಣ್ಲಾ. ನಾನು ಬರಬಾರ್ದಿತ್ತು," ಎಂದ ಅಣ್ಣ. ಸ್ವಲ್ಪ ಹೊತ್ತಿನ ಮೇಲೆ, "ನೀನು ಕೊಟ್ಯಾ?" ಎಂದು ಕೇಳಿದ.

ಕೊಟ್ಟಿರಲಿಲ್ಲ. ಆಗ ಹೋಗಿ ಅಂಗಿಯ ತೋಳು ಮಡಚಿ ರಕ್ತ ಕೊಟ್ಟೆ. ಏನೂ ಇಲ್ಲವೆಂದು ವಾರದ ನಂತರ ವರದಿ ಬಂತು. ಅದನ್ನು ಅಣ್ಣನಿಗೆ ತೋರಿಸಿದಾಗ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ನನ್ನಿಂದ ಅವನ ಮುಖ ನೋಡಲಾಗಲಿಲ್ಲ.

ಶಿವರಾತ್ರಿಗೆ ಮೊದಲೇ ಅಣ್ಣ ತೀರಿಕೊಂಡ. ಕಾರ್ಯವೆಲ್ಲ ಮುಗಿದ ಮೇಲೆ ಅತ್ತಿಗೆ ಅವನ ಟ್ರಂಕು ತೆಗೆದಾಗ ಬಟ್ಟೆಗಳ ಅಡಿಯಲ್ಲಿ ಖಾಲಿ ಮಾತ್ರೆ ಶೀಟುಗಳು ಸಿಕ್ಕವು. ಬಿಸಾಡಿದರೆ ಯಾರಾದರೂ ನೋಡುತ್ತಾರೆಂದು ಎಲ್ಲವನ್ನೂ ಅಲ್ಲಿ ಬಚ್ಚಿಟ್ಟಿದ್ದ. ಅತ್ತಿಗೆ ಅವನ್ನು ಸೆರಗಿನಲ್ಲಿ ತಂದು ನನ್ನ ಮುಂದೆ ಸುರಿದರು.

"ಇವು ನಿನ್ನಂಗ್ಡೀವೇನಪ್ಪಾ?"

"ಹೂಂ ಅತ್ಗೆ."

"ಎಷ್ಟು ದಿನದಿಂದ?"

ಹೇಳಿದೆ. ಅವರು ಅಳಲಿಲ್ಲ, ಬೈಯಲಿಲ್ಲ. "ನಂಗೊಂದು ಮಾತು ಹೇಳ್ಬೋದಾಗಿತ್ತು ಕಣಪ್ಪ" ಎಂದಷ್ಟೇ ಹೇಳಿ ಒಳಗೆ ಹೋದರು. ಅವತ್ತಿನಿಂದ ಆ ಮನೆಯಿಂದ ನನಗೆ ಫೋನು ಬಂದಿಲ್ಲ. ನಾನಾಗಿ ಹೋದರೆ ನೀರು ಕೊಡುತ್ತಾರೆ, ಮಾತಿಲ್ಲ.

ಈ ವರ್ಷದ ಪಂದ್ಯಕ್ಕೂ ಡಾಕ್ಟರು ಕರೆದರು. ಫೋನಿನಲ್ಲೇ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ: ಮಾತ್ರೆ, ಆ ಒಂದು ವರ್ಷ, ಅಣ್ಣ ಅವರ ಮುಂದೆ ಹೇಳಿದ ಸುಳ್ಳು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇದನ್ನೇ ಬಂದು ಹೇಳಿ. ಹೋದ ಸಲದ್ದಕ್ಕಿಂತ ಇದು ಮುಖ್ಯ" ಎಂದರು.

ಬರುತ್ತೇನೆ ಎಂದೆ. ಆದರೆ ಆ ದಿನ ಮೊಬೈಲು ಆಫ್ ಮಾಡಿ, ಎಂದಿನಂತೆ ಅಂಗಡಿ ತೆರೆದು ಕೂತೆ. ಆಮೇಲೆ ವ್ಯಾನು ಚಿಕ್ಕನಾಯಕನಹಳ್ಳಿಯ ಕಡೆ ಹೋಯಿತಂತೆ. ಅಲ್ಲಿಗೆ ಯಾರಾದರೂ ಬಂದರೇ ಎಂದು ನಾನು ವಿಚಾರಿಸಲಿಲ್ಲ.