ನೀರಿಗೆ ಬಿಟ್ಟ ಝಿಂಗಾ

ನಮ್ಮೂರು ಘತ್ತರಗಿಯಿಂದ ದೂರವೇನಲ್ಲ, ಭೀಮಾ ನದಿಯ ದಂಡೆಯ ಮೇಲೇ ಇದೆ. ಹೊಳೆಯಲ್ಲಿ ಸಿಗುವ ಸೀಗಡಿಗೆ ನಾವು ಝಿಂಗಾ ಅನ್ನುತ್ತೇವೆ. ನಾನು ಸಣ್ಣಾಕಿ ಇದ್ದಾಗ ಒಂದು ಬುಟ್ಟಿ ಇಳಿಬಿಟ್ಟರೆ ಮನೆಮಂದಿಗೆಲ್ಲ ಸಾಕಾಗುವಷ್ಟು ಬರುತ್ತಿದ್ದವು. ಬರಬರುತ್ತ ಕಮ್ಮಿಯಾದವು. ಮಳೆಗಾಲದಲ್ಲಿ ಹೊಟ್ಟೆಯಡಿ ತತ್ತಿ ಹೊತ್ತ ಹೆಣ್ಣುಗಳನ್ನೇ ಹಿಡಿದು ಮಾರುತ್ತಿದ್ದೆವು. ಅವಕ್ಕೇ ಗಿರಾಕಿ ಜಾಸ್ತಿ.

ಅದನ್ನು ನಿಲ್ಲಿಸಬೇಕೆಂದು ಮೊದಲು ಹೇಳಿದವನು ನನ್ನ ಕಾಕಾ. ಅಪ್ಪನ ತಮ್ಮ, ನಮ್ಮ ಮೀನುಗಾರರ ಸಹಕಾರ ಸಂಘದ ಅಧ್ಯಕ್ಷ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಅಫಜಲಪುರದ ಕಾಲೇಜಿಗೆ ಕಳಿಸಿದವನು ಅವನು. ಸಂಘದ ಕಾರ್ಯದರ್ಶಿ ಮಾಡಿದವನೂ ಅವನೇ. ಮೀನುಗಾರಿಕೆ ಇಲಾಖೆಗೆ ಎಷ್ಟು ಸಲ ಓಡಾಡಿದನೋ, ಕೊನೆಗೆ ಸರ್ಕಾರದ ಅನುದಾನ ಬಂತು. ತತ್ತಿ ಇರುವ ಝಿಂಗಾ ಸಿಕ್ಕರೆ ಜೀವಂತ ಸಂಘಕ್ಕೆ ತಂದುಕೊಡಬೇಕು, ತಂದವರಿಗೆ ಅನುದಾನದಿಂದ ಪರಿಹಾರ. ಅದನ್ನು ನಾವು ಹೊಳೆಯ ಮಡುವಿನೊಳಗೆ ಕಟ್ಟಿದ ಬಲೆಯ ಪಂಜರದಲ್ಲಿಟ್ಟು, ಮರಿಗಳು ಹೊರಬಿದ್ದ ಮೇಲೆ ಹೊಳೆಗೆ ಬಿಡಬೇಕು. ಮತ್ತೆ ಯಾರ ಬಲೆಗಾದರೂ ಬಿದ್ದರೆ ಗುರುತು ಹತ್ತಲೆಂದು, ಪಂಜರಕ್ಕೆ ಹಾಕುವ ಮೊದಲೇ ಬಾಲದ ಒಂದು ತುದಿಯನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸುವುದು ನನ್ನ ಕೆಲಸ.

"ಗಂಡಸ್ರಿಗೆ ನಾ ಹೇಳ್ತೀನಿ. ಹೆಂಗಸ್ರಿಗೆ ನೀನೇ ಹೇಳಬೇಕವ್ವಾ, ನಿನ್ನ ಮಾತು ನಂಬ್ತಾರ" ಎಂದ ಕಾಕಾ.

ಮನೆಮನೆಗೆ ಹೋದೆ. ಎಲ್ಲರಿಗಿಂತ ಗಟ್ಟಿ ನಮ್ಮ ಓಣಿಯ ಮುದುಕಿ, ಎಲ್ಲರೂ ಆಯಿ ಎಂದು ಕರೆಯುವಾಕೆ. ಗಂಡ ಸತ್ತ ಮೇಲೆ ಬುಟ್ಟಿ ಇಟ್ಟು ಒಬ್ಬಳೇ ಝಿಂಗಾ ಹಿಡಿದು ಬದುಕಿದವಳು.

"ಕೈಗೆ ಬಂದದ್ದು ತಿರುಗಿ ನೀರಿಗೆ ಬಿಡು ಅಂತೀ ಏನ್ ಬೇ? ಸರ್ಕಾರದ್ದು ಯಾವಾಗ ಬರ್ತದೋ ಏನೋ. ನನ್ನ ಒಲಿ ಇವತ್ತು ಉರೀಬೇಕು."

"ಎರಡು ಮಳಿಗಾಲ ತಡಿ ಆಯಿ. ಹೊಳಿತುಂಬ ಆಗ್ತಾವ. ನಾ ಅದೀನಲ್ಲ."

"ನೀ ಅದೀ ಅಂತ ಕೊಡ್ತೀನಿ ನೋಡು" ಎಂದಳು.

ಕೊಟ್ಟಳು. ಪರಿಹಾರ ತಿಂಗಳುಗಟ್ಟಲೆ ತಡವಾದರೂ ಕೊಟ್ಟಳು. ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಿಸಿಲೇರುವ ಮೊದಲೇ ಸಂಘದ ಬಾಗಿಲಿಗೆ ಬರುತ್ತಿದ್ದಳು. ಆಕೆಯನ್ನು ನೋಡಿ ಉಳಿದವರೂ ತಂದರು.

ಎರಡನೇ ಮಳೆಗಾಲದಲ್ಲಿ ದಂಡೆಯ ಕಲ್ಲುಗಳ ಸಂದಿಯಲ್ಲಿ ಸಣ್ಣ ಝಿಂಗಾಗಳು ಕಾಣತೊಡಗಿದ್ದವು. ಆಗಲೇ ಇಲಾಖೆಯ ದೊಡ್ಡ ಸಾಹೇಬರು ಕೆಲಸ ನೋಡಲು ಬರುತ್ತಾರೆಂದು ಸುದ್ದಿ ಬಂತು. ಜೇವರ್ಗಿ ಕಡೆಯ ಸಂಘದವರೂ ಕಲಿಯಲು ಬರುವವರಿದ್ದರು. ಕಾಕಾ ಆಳಂದದಿಂದ ಅಡುಗೆಯ ಬಾವರ್ಚಿಯನ್ನು ಕರೆಸಿ ಊಟ ಇಡಿಸಿದ. ನಾನು ಶಾಮಿಯಾನದಲ್ಲಿ ಕುರ್ಚಿ ಹಾಕಿಸುವುದರಲ್ಲೇ ಮುಳುಗಿದ್ದೆ.

ಸಾಹೇಬರ ಪಂಕ್ತಿ ಎದ್ದ ಮೇಲೆ ಹೆಂಗಸರು ಕುಳಿತೆವು. ಆಯಿ ನನ್ನ ಪಕ್ಕದಲ್ಲಿದ್ದಳು. ರೊಟ್ಟಿಯ ಮೇಲೆ ಮಸಾಲೆ ಝಿಂಗಾ ಬಿತ್ತು, ತಲೆ ಬಾಲ ಸಮೇತ. ಬಾಲದ ತುದಿ ಕತ್ತರಿಸಿತ್ತು. ಮಸಾಲೆ ಬೆರಳಿಂದ ಒರೆಸಿ ನೋಡಿದೆ. ನನ್ನದೇ ಕತ್ತರಿಯ ಗುರುತು. ಆಯಿಯ ತಾಟಿನಲ್ಲಿದ್ದುದಕ್ಕೂ ಹಾಗೇ ಇತ್ತು. ಆಕೆಗೆ ಕಣ್ಣು ಅಷ್ಟು ಕಾಣುವುದಿಲ್ಲ. ಬಾಯಿ ಚಪ್ಪರಿಸುತ್ತ "ಯಾಕ ಬಿಟ್ಟಿ, ತಿನ್ನು" ಅಂದಳು.

ಎದ್ದು ಒಲೆಯ ಹತ್ತಿರ ಹೋದೆ. "ಭಾಯಿ, ಈ ಝಿಂಗಾ ಎಲ್ಲಿಂದ ಬಂದ್ವು?"

"ನಿಮ್ಮ ಕಾಕಾನೇ ಬೆಳಿಗ್ಗೆ ಪಂಜರದಾಗಿಂದ ತೆಗೆದು ಕೊಟ್ರು ಅಕ್ಕಾ. ತತ್ತಿ ಇದ್ದಾವು ಭಾಳ ಮಸ್ತ್ ಇರ್ತಾವ ಅಂದ್ರು."

ಕಾಕಾ ಕಾರಿನ ಹತ್ತಿರ ಸಾಹೇಬರಿಗೆ ಎಲೆಯಡಿಕೆ ಕೊಡುತ್ತಿದ್ದ. ತೋಳು ಹಿಡಿದು ಈಚೆ ಎಳೆದೆ. ಅವನು ಸುಳ್ಳು ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು.

"ಪಾಪ, ಸಾಹೇಬ್ರಿಗೆ ಏನು ಗೊತ್ತು, ಚಂದ ಉಂಡ್ರು. ಮುಂದಿನ ವರ್ಷದ ಅನುದಾನ ಕೊಡ್ತೀನಿ ಅಂದಾರ. ನಾಕು ಝಿಂಗಾಕ್ಕ ಇಷ್ಟ್ಯಾಕ ಮಾರಿ ಗಂಟು ಹಾಕ್ತಿ? ಹೊಳ್ಯಾಗ ಇನ್ನೂ ಹುಟ್ತಾವ. ನಡಿ, ಭಾಷಣ ನಿಂದೇ ಅದ."

ನಾನು ಭಾಷಣ ಮಾಡಿದೆ. ಇದನ್ನು ಬರೆಯದೆ ಬಿಡಬಹುದಿತ್ತು. ಬರೆದಿಟ್ಟಿದ್ದ ಹಾಳೆಯನ್ನು ಮೇಲಿಂದ ಕೆಳಗಿನತನಕ ಓದಿದೆ, ನಮ್ಮ ತಾಯಂದಿರು ಒಂದೊಂದು ಜೀವ ಉಳಿಸಿದರು ಅಂತ. ಜೇವರ್ಗಿಯವರು ಚಪ್ಪಾಳೆ ತಟ್ಟಿದರು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ಆಕೆಯ ಮನೆಗೆ ಹೋಗಿ ಎಲ್ಲ ಹೇಳಿದೆ. ಬುಟ್ಟಿಯ ಹರಿದ ಜಾಗಕ್ಕೆ ದಾರ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ನಿನಗ ಮೊದಲೇ ಗೊತ್ತಿತ್ತೇನ್ ಬೇ?" ಇಲ್ಲ ಅಂದೆ. ನಂಬಿದಳೋ ಇಲ್ಲವೋ, ಮತ್ತೆ ದಾರ ಹಾಕತೊಡಗಿದಳು.

ಮುಂದಿನ ಸಭೆಯಲ್ಲಿ ಎಲ್ಲರ ಎದುರು ಹೇಳಿದೆ. ಕಾಕಾ ಲೆಕ್ಕದ ಪುಸ್ತಕದ ಹಾಳೆ ತಿರುವುತ್ತ ಕುಳಿತ. ಸದಸ್ಯರಲ್ಲೊಬ್ಬ "ಮನಿ ಮಾತು ಮನ್ಯಾಗ ಇರಲಿ ತಂಗಿ, ಅನುದಾನ ನಿಂತ್ರ ನಮಗೆಲ್ಲ ಪೆಟ್ಟು" ಎಂದ. ಹಲವರು ಹೌದೆಂದರು. ನಾನು ಇಲಾಖೆಗೆ ಪತ್ರ ಬರೆದು ಕಾರ್ಯದರ್ಶಿ ಕೆಲಸ ಬಿಟ್ಟೆ. ವಿಚಾರಣೆ ಆಯಿತು, ಅನುದಾನ ನಿಂತಿತು. ಕಾಕಾ ಅಧ್ಯಕ್ಷನಾಗಿಯೇ ಉಳಿದ. ಅನುದಾನ ನಿಲ್ಲಿಸಿದಾಕಿ ಎಂಬ ಹೆಸರು ನನಗೆ ಬಂತು. ಬುಟ್ಟಿಗೆ ಸಿಕ್ಕ ತತ್ತಿ ಝಿಂಗಾ ಮತ್ತೆ ಸಂತೆಗೆ ಹೋಗತೊಡಗಿದವು. ಆಯಿಯೂ ಮಾರಿದಳು, ನನ್ನ ಬಾಗಿಲ ಮುಂದಿಂದಲೇ ಹಾದುಹೋಗಿ.

ಈ ವರ್ಷ ಜೇವರ್ಗಿಯ ಸಂಘದವರು ಮನೆಗೆ ಬಂದಿದ್ದರು. ಅವರಿಗೂ ಅನುದಾನ ಸಿಕ್ಕಿದೆಯಂತೆ. "ನಮ್ಮ ಹೆಂಗಸ್ರಿಗೆ ನೀವು ತಿಳಿಸಿ ಹೇಳಬೇಕ್ರಿ" ಎಂದರು. ಒಳ್ಳೆಯ ಜನ. ಚಹಾ ಕೊಟ್ಟೆ, ಪಂಜರ ಹೇಗೆ ಕಟ್ಟಬೇಕು, ಎಷ್ಟು ಆಳದಲ್ಲಿ ಇಳಿಸಬೇಕು ಎಲ್ಲ ಹೇಳಿಕೊಟ್ಟೆ. ಆದರೆ ಬರುವುದಿಲ್ಲ ಅಂದೆ. ಇನ್ನೊಬ್ಬ ಹೆಂಗಸಿನ ಎದುರು ಕುಳಿತು, ನಾ ಅದೀನಲ್ಲ ಅನ್ನುವ ಧೈರ್ಯ ನನಗಿರಲಿಲ್ಲ.